ಒಂದು ಮಾತಿಗೆ ಹನ್ನೊಂದು ವಾರ

ಅಡಿಲೇಡ್
3 ನವೆಂಬರ್ 1963

ಹರ್ಬಿ ಅಣ್ಣನಿಗೆ,

ನಾನು ಥೆಲ್ಮಾ. ಆ ಹೆಸರಿನ ತಂಗಿಯೊಬ್ಬಳು ನಿನಗಿದ್ದಳೆಂಬ ನೆನಪಿದ್ದರೆ ಮುಂದೆ ಓದು. ಇಲ್ಲದಿದ್ದರೆ ಈ ಕಾಗದವನ್ನು ಒಲೆಗೆ ಹಾಕಿಬಿಡು.

ಇಲ್ಲಿ ಒಂದು ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನರ್ಸ್ ಅಲ್ಲ, ನರ್ಸುಗಳ ಕೈಕೆಳಗಿನವಳು. ಹಾಸಿಗೆ ಬದಲಿಸುವುದು, ರೋಗಿಗಳ ಮೈ ಒರೆಸುವುದು, ಬೆಡ್‌ಪ್ಯಾನ್ ತೊಳೆಯುವುದು. ಹೋದ ತಿಂಗಳು ಉತ್ತರದಿಂದ ಒಬ್ಬ ಮುದುಕನನ್ನು ವಿಮಾನದಲ್ಲಿ ತಂದರು. ದನ ಹೊಡೆಯುವವನು, ನಮ್ಮ ಕಪ್ಪು ಜನದವನೇ, ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಬೆನ್ನು ಒರೆಸುತ್ತಿದ್ದಾಗ ತಿರುಗಿ ನನ್ನ ಮುಖವನ್ನೇ ನೋಡಿ, "ಏಯ್ ಹುಡುಗಿ, ನಿನ್ ಹಣೆ ನೋಡಿದ್ರೆ ಕರ್ಲ್ಯೂ ಕ್ರೀಕಿನ ಹರ್ಬಿ ನೆನಪಾಗ್ತಾನೆ ಕಣೇ. ನೀನು ಯಾರ ಪೈಕಿ?" ಎಂದ. ನೀರಿನ ಬೋಗುಣಿ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಹದಿನೇಳು ವರ್ಷಗಳಲ್ಲಿ ನಾನು ಯಾರ ಪೈಕಿ ಎಂದು ಯಾರೂ ಕೇಳಿರಲಿಲ್ಲ.

ನನಗೆ ಆಗ ಆರು ವರ್ಷ. ನೆನಪಿರುವುದು ಸ್ವಲ್ಪವೇ. ಬಿಳಿಯ ಅಪ್ಪನಿಂದ ಬಂದ ನನ್ನ ಬಣ್ಣ, ಅಂಥ ಮಕ್ಕಳನ್ನು ಹುಡುಕಿ ಹೊತ್ತೊಯ್ಯುವ ಪೊಲೀಸಿನವರಿಗೆ ಕಾಣದಿರಲೆಂದು ಅಮ್ಮ ಇದ್ದಿಲು ಅರೆದು ನನ್ನ ಮುಖಕ್ಕೆ ಬಳಿಯುತ್ತಿದ್ದುದು. ನಿನ್ನ ಹೆಗಲ ಮೇಲೆ ಕೂತು ನದಿ ದಾಟಿದ್ದು. ಅಮ್ಮನ ಹೆಸರು ಪ್ಯಾನ್ಸಿ. ನಮ್ಮ ಮಾತು ಒಂದೂ ನೆನಪಿಲ್ಲ. ನನ್ನನ್ನು ಒಯ್ದು ಹಾಕಿದ ಸರ್ಕಾರದ ಮಕ್ಕಳ ಹೋಮಿನಲ್ಲಿ ಅದನ್ನಾಡಿದರೆ ಬಾಯಿಗೆ ಸೋಪು ತಿಕ್ಕುತ್ತಿದ್ದರು. ಈಗ ನನಗಿರುವುದು ಇಂಗ್ಲಿಷ್ ಒಂದೇ.

ಕೇಳಬೇಕಾದ್ದು ಇಷ್ಟೇ. ನನ್ನನ್ನು ಟ್ರಕ್ಕಿಗೆ ಹಾಕಿದ ದಿನ ಅಮ್ಮನಿಗೆ ಏನಾಯಿತು? ಹೋಮಿನಲ್ಲಿ ಒಂದು ಮಾತು ಹೇಳಿದ್ದಾರೆ. ಅದೇನೆಂದು ಈಗ ಬರೆಯುವುದಿಲ್ಲ. ನೀನು ಹೇಳುವುದೂ ಅದೂ ಕೂಡಿಬರುತ್ತವೆಯೇ ಎಂದು ನೋಡಬೇಕು.

ನಿನ್ನ ತಂಗಿ,
ಥೆಲ್ಮಾ


ಕರ್ಲ್ಯೂ ಕ್ರೀಕ್
19 ಜನವರಿ 1964

ಥೆಲ್ಮಾ,

ಇಲ್ಲಿ ಮಳೆ. ನೆಲ ಕೆಸರಾಗಿ ಟಪಾಲಿನ ವಿಮಾನ ಇಳಿದೇ ಇಲ್ಲ. ನಿನ್ನ ಕಾಗದ ಎರಡು ತಿಂಗಳು ಎಲ್ಲಿ ಕೊಳೆಯುತ್ತಿತ್ತೋ, ಮೊನ್ನೆ ಬಂತು. ನನಗೆ ಬರೆಯಲು ಕಲಿಸಿದ್ದು ಮಿಷನ್ನಿನ ಪಾದ್ರಿ, ಅದೂ ಎರಡೇ ವರ್ಷ. ನಾನು ಬರೆಯುವುದು ನಮ್ಮ ಬಿಡಾರದ ಇಂಗ್ಲಿಷು. ತಪ್ಪಿದ್ದರೆ ನಗಬೇಡ.

ನೀನು ನಿಜವಾಗಿಯೂ ಅವಳೇ ಆದರೆ ತುಂಬ ಸಂತೋಷ. ಆದರೆ ಹಿಂದೊಮ್ಮೆ ಒಬ್ಬ ಲಾರಿಯವನು, "ನಿಮ್ ಥೆಲ್ಮಾ ಬರ್ತಾ ಅವ್ಳೆ" ಎಂದು ಹೇಳಿಹೋಗಿದ್ದ. ಅದನ್ನು ನಂಬಿ ಜನ ಆರು ದಿನ ದಾರಿಯಲ್ಲಿ ಕೂತಿದ್ದರು. ಯಾರೂ ಬರಲಿಲ್ಲ. ಅದಕ್ಕೆ ನಿನಗೊಂದು ಪ್ರಶ್ನೆ. ನಮ್ಮ ಮೂರು ಕಾಲಿನ ನಾಯಿಯ ಹೆಸರೇನು? ಸರಿಯಾಗಿ ಹೇಳು. ಅಲ್ಲಿಯವರೆಗೆ ಬಿಡಾರದಲ್ಲಿ ನಿನ್ನ ಸುದ್ದಿ ಎತ್ತುವುದಿಲ್ಲ. ಉಳಿದದ್ದನ್ನೆಲ್ಲ ಆಮೇಲೆ ಬರೆಯುತ್ತೇನೆ.

ಆ ದಿನದ್ದು ಕೇಳಿದ್ದೀಯ. ನನಗೆ ಒಂಬತ್ತು ವರ್ಷ, ಎಲ್ಲ ನೋಡಿದ್ದೇನೆ. ನಡು ಮಧ್ಯಾಹ್ನ. ಟ್ರಕ್ಕು ಹೊರಟಿತು, ಅಮ್ಮ ಹಿಂದಿನ ಹಲಗೆ ಹಿಡಿದುಕೊಂಡಳು. ಟ್ರಕ್ಕು ಜೋರಾಯಿತು, ಅವಳು ಬಿಡಲಿಲ್ಲ. ಆಗ ಬಾರ್ನಿ ಚಿಕ್ಕಪ್ಪ ಓಡಿಬಂದ. ಕೈಯಲ್ಲಿ ದೊಣ್ಣೆ. ಅಮ್ಮನನ್ನು ಕಿಲ್ ಮಾಡಿದ. ಎಲ್ಲರ ಎದುರಿಗೇ. ಧೂಳಿನಲ್ಲಿ ನಿನಗೆ ಕಂಡಿರಲಾರದು. ಅಮ್ಮ ಮರಳಿನಲ್ಲಿ ಬಿದ್ದಳು. ಹೆಂಗಸರು ಹೊತ್ತುಕೊಂಡು ಹೋದರು. ಆಮೇಲೆ ನನ್ನ ಅಪ್ಪ ಎರಡು ವರ್ಷ ಚಿಕ್ಕಪ್ಪನ ಜೊತೆ ಮಾತು ಬಿಟ್ಟಿದ್ದ. ಈಗಲೂ ಆ ಮಾತನ್ನು ಯಾರೂ ಎತ್ತುವುದಿಲ್ಲ. ನೀನು ಕೇಳಿದೆ, ಹೇಳಿದೆ.

ಹರ್ಬಿ


ಅಡಿಲೇಡ್
9 ಫೆಬ್ರುವರಿ 1964

ಅಣ್ಣ,

ನಾಯಿಯ ಹೆಸರು ಬಿಸ್ಕತ್ತು.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಹೋಮಿನವರು ಹೇಳಿದ್ದೂ ನೀನು ಬರೆದದ್ದೂ ಕೂಡಿಬಂತು. ಅವರು ಅರ್ಧವನ್ನಷ್ಟೇ ಹೇಳಿದ್ದರು.

ಬಾರ್ನಿ ಈಗಲೂ ಅಲ್ಲೇ ಇದ್ದಾನೆಯೇ? ನಿಮ್ಮ ಜೊತೆಯಲ್ಲೇ ಕೂತು ಉಣ್ಣುತ್ತಾನೆಯೇ? ನೀವೆಲ್ಲ ಹದಿನೇಳು ವರ್ಷ ಸುಮ್ಮನಿದ್ದದ್ದು ಹೇಗೆ ಎಂದು ಕೇಳುವ ಹಕ್ಕು ನನಗಿಲ್ಲ. ಕೇಳುವುದಿಲ್ಲ.

ಥೆಲ್ಮಾ


ಕರ್ಲ್ಯೂ ಕ್ರೀಕ್
22 ಮಾರ್ಚ್ 1964

ನನ್ನ ತಂಗಿ ಥೆಲ್ಮಾ,

ಬಿಸ್ಕತ್ತು! ಓದಿ ನಾನು ಕೂಗಿದ ಕೂಗಿಗೆ ಕೋಳಿಗಳೆಲ್ಲ ಹಾರಿದವು. "ಏನಾಯ್ತು, ಹಾವು ಕಚ್ತಾ?" ಎಂದು ನನ್ನ ಹೆಂಡತಿ ಮೇವಿಸ್ ಓಡಿಬಂದಳು. ನಾಯಿಯ ಹೆಸರು ಹೊರಗಿನವರಿಗೆ ಯಾರಿಗೆ ಗೊತ್ತಿರುತ್ತದೆ? ನೀನು ನನ್ನ ತಂಗಿಯೇ.

ನಿನ್ನ ಕಾಗದ ತೀರ ಚಿಕ್ಕದು. ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿಯಿರಬೇಕು. ಚಿಕ್ಕಪ್ಪನನ್ನು ಕೇಳಿದ್ದೀಯ, ನಿನಗೆ ಅವನ ನೆನಪಿದೆಯಲ್ಲ ಎಂದು ಖುಷಿಯಾಯಿತು. ಹೌದು, ಇಲ್ಲೇ ಇದ್ದಾನೆ, ನಮ್ಮ ಬೆಂಕಿಯ ಪಕ್ಕದಲ್ಲೇ ಉಣ್ಣುತ್ತಾನೆ. ಈಗ ಮುದುಕ, ಸವಾರಿ ಬಿಟ್ಟಿದ್ದಾನೆ, ಚಾವಟಿ ಹೆಣೆಯುತ್ತಾನೆ. ನಿನ್ನ ಹೆಸರು ಹೇಳಿದೊಡನೆ ಎದ್ದು ಮರದ ಹಿಂದೆ ಹೋದ. ತಿರುಗಿ ಬಂದಾಗ ಕಣ್ಣು ಕೆಂಪಗಿತ್ತು. "ಹೊಗೆ ಕಣೋ" ಎಂದ.

ಮೇವಿಸ್ ಒಳ್ಳೆಯವಳು, ಕೈ ಮಾತ್ರ ಸ್ವಲ್ಪ ಬಿರುಸು. ಮೊನ್ನೆ ಸಕ್ಕರೆ ಡಬ್ಬಿಗೆ ಕೈ ಹಾಕಿದಳೆಂದು ನಮ್ಮ ಮಗಳು ಡಾಟಿಯನ್ನು ಕಿಲ್ ಮಾಡಿದಳು. ಡಾಟಿ ಈಗ ನನ್ನ ಮೊಣಕೈಗೆ ಒರಗಿ ಕೂತಿದ್ದಾಳೆ. "ಅತ್ತೆಗೆ ಏನ್ ಬರೀತಿದ್ಯಾ? ಸಕ್ಕರೆ ಕಳ್ಸು ಅಂತ ಬರಿ" ಎಂದು ಪೀಡಿಸುತ್ತಿದ್ದಾಳೆ.

ಒಬ್ಬರಿಗೆ ಮಾತ್ರ ನಿನ್ನ ವಿಷಯ ಇನ್ನೂ ಹೇಳಿಲ್ಲ. ಅವರು ನದಿಯಾಚೆಯ ಬಿಡಾರದಲ್ಲಿದ್ದಾರೆ, ನೀರು ಇಳಿದಿಲ್ಲ. ಇನ್ನೊಬ್ಬರ ಬಾಯಿಂದ ಕೇಳಬಾರದು, ನಾನೇ ಹೋಗಿ ಹೇಳಬೇಕು. ಬಾಯಿ ಬಿಡಬೇಡ ಎಂದು ಚಿಕ್ಕಪ್ಪನಿಂದಲೂ ಮಾತು ತೆಗೆದುಕೊಂಡಿದ್ದೇನೆ. ನಾಡಿದ್ದು ಎಂಟುನೂರು ದನ ಹೊಡೆದುಕೊಂಡು ಕ್ವೀನ್ಸ್‌ಲ್ಯಾಂಡ್ ಕಡೆ ಹೊರಡುತ್ತೇನೆ. ಮರಳುವುದು ಆಗಸ್ಟಿಗೆ. ಅಷ್ಟು ದಿನ ದಾರಿಯಲ್ಲಿ ನನಗೆ ಟಪಾಲಿಲ್ಲ. ಬಂದ ಮೇಲೆ ಅವರಿಗೆ ಹೇಳಿ, ಅವರು ಏನೆಂದರೆಂದು ನಿನಗೆ ಬರೆಯುತ್ತೇನೆ.

ನಿನ್ನ ಅಣ್ಣ,
ಹರ್ಬಿ


ಅಡಿಲೇಡ್
12 ಏಪ್ರಿಲ್ 1964

ಅಣ್ಣ,

ನೀನು ಹೊರಟುಹೋಗಿದ್ದೀಯೆಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಯಾರ ಕೈಗಾದರೂ ಸಿಗಲಿ, ಯಾರಾದರೂ ಒಡೆದು ಓದಲಿ.

ನಿನ್ನ ಕಾಗದವನ್ನು ವಾರ್ಡಿನ ಬಟ್ಟೆಕೋಣೆಯಲ್ಲಿ ನಿಂತು ಓದಿದೆ. ಮೇವಿಸ್ ಡಾಟಿಯನ್ನು ಕಿಲ್ ಮಾಡಿದಳು ಎಂಬಲ್ಲಿಗೆ ಬಂದಾಗ ಕಿರುಚಿಬಿಟ್ಟೆ. ಸಿಸ್ಟರ್ ಓಡಿಬಂದಳು. ಆಮೇಲೆ ಮುಂದಿನ ಸಾಲು ಓದಿದೆ. ಸತ್ತ ಮಗು ಸಕ್ಕರೆ ಕೇಳುತ್ತಿತ್ತು.

ಸೊಂಟ ಮುರಿದ ಮುದುಕ ಇನ್ನೂ ಇಲ್ಲೇ ಇದ್ದಾನೆ. ಅವನ ಮಂಚದ ಹತ್ತಿರ ಓಡಿದೆ.

"ನಿಮ್ಮ ಕಡೆ ಕಿಲ್ ಅಂದ್ರೆ ಏನು?"

"ಕಿಲ್ ಅಂದ್ರೆ ಕಿಲ್ ಕಣೇ. ಹೊಡಿಯೋದು. ನನ್ ಹೆಂಡ್ತಿ ವಾರಕ್ಕೆರಡು ಸಲ ನನ್ನ ಕಿಲ್ ಮಾಡ್ತಾಳೆ."

"ಮತ್ತೆ ಜೀವ ತೆಗೆದ್ರೆ?"

"ಅದಕ್ಕೆ ಕಿಲ್-ಡೆಡ್ ಅಂತೀವಿ. ಹೊಡಿಯೋದು ಬೇರೆ, ಸಾಯಿಸೋದು ಬೇರೆ. ಅಷ್ಟೂ ಗೊತ್ತಿಲ್ವಾ ನಿಂಗೆ? ಏನು ಕಲಿಸಿದ್ರು ಆ ಹೋಮಲ್ಲಿ?"

ಹರ್ಬಿ, ಅಮ್ಮ ಬದುಕಿದ್ದಾಳೆಯೇ? ನದಿಯಾಚೆ ಇರುವವರು ಯಾರು? ಹೋಮಿಗೆ ಬಂದ ಮರುವರ್ಷ ಮೇಟ್ರನ್ ನನ್ನನ್ನು ಕರೆದು, "ನಿಮ್ಮಮ್ಮ ಸತ್ತಳು, ಇನ್ನು ಅವಳ ಧ್ಯಾನ ಬಿಟ್ಟುಬಿಡು" ಎಂದಿದ್ದಳು. ನಿನಗೆ ಮೊದಲ ಕಾಗದದಲ್ಲಿ ಹೇಳದೆ ಉಳಿಸಿಕೊಂಡ ಮಾತು ಇದು. ಹೇಳಬೇಕಾಗಿತ್ತು. ಹೇಳಿದ್ದರೆ ನೀನು ಆಗಲೇ ತಿದ್ದುತ್ತಿದ್ದೆ.

ಇದನ್ನು ಓದಿದವರು ಯಾರೇ ಆಗಲಿ, ತಂತಿ ಕಳಿಸಿ. ಹೌದು ಅಥವಾ ಇಲ್ಲ. ಒಂದೇ ಪದ ಸಾಕು.

ಥೆಲ್ಮಾ


ಅಡಿಲೇಡ್
17 ಮೇ 1964

ಅಣ್ಣ,

ತಂತಿ ಬರಲಿಲ್ಲ. ಹಿಂದಿನ ಕಾಗದದಲ್ಲಿ ಒಂದು ವಿಷಯ ಮುಚ್ಚಿಟ್ಟಿದ್ದೆ. ಈಗ ಬರೆಯಲೇಬೇಕು.

ನಿನ್ನ ಮೊದಲ ಕಾಗದ ಬಂದ ಮೇಲೆ ನಾನು ನಿನಗೆ ನಾಲ್ಕು ಸಾಲು ಬರೆದೆನಲ್ಲ, ಅದರ ಮಾರನೆಯ ದಿನ ನಿಮ್ಮ ಕಡೆಯ ಪಟ್ಟಣದ ಪೊಲೀಸರಿಗೂ ಬರೆದೆ. ನಿನ್ನ ಕಾಗದದ ಆ ಸಾಲುಗಳನ್ನು ನನ್ನ ಕೈಯಾರೆ ನಕಲು ಮಾಡಿ ಲಗತ್ತಿಸಿದೆ. ನನ್ನ ಅಮ್ಮನನ್ನು ಬಾರ್ನಿ ಎಂಬವನು ಕೊಂದಿದ್ದಾನೆ, ಸಾಕ್ಷಿ ನನ್ನ ಅಣ್ಣ ಎಂದು ಬರೆದೆ. ನಿನ್ನನ್ನು ಒಂದು ಮಾತೂ ಕೇಳಲಿಲ್ಲ. ನೀವೆಲ್ಲ ಸೇರಿ ಅವನನ್ನು ಕಾಯುತ್ತಿದ್ದೀರಿ ಎಂದುಕೊಂಡಿದ್ದೆ.

ಏಪ್ರಿಲ್‌ನಲ್ಲಿ ಪೊಲೀಸರಿಗೆ ಮತ್ತೆ ಮೂರು ಕಾಗದ ಹಾಕಿದೆ, ನಾನು ತಪ್ಪು ತಿಳಿದೆ, ಅಲ್ಲಿನವರ ಬಾಯಲ್ಲಿ ಆ ಪದದ ಅರ್ಥವೇ ಬೇರೆ ಎಂದು. ನಿನ್ನೆ ಅವರ ಉತ್ತರ ಬಂತು: ಆರೋಪಿಯನ್ನು ಬಂಧಿಸಲಾಗಿದೆ. ಅವನು ತಪ್ಪೊಪ್ಪಿಕೊಂಡು ಹೆಬ್ಬೆಟ್ಟು ಒತ್ತಿದ್ದಾನೆ. ಪದದ ಅರ್ಥವನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಸರ್ಕಾರಿ ದಾಖಲೆಯ ಪ್ರಕಾರ ನಿಮ್ಮ ತಾಯಿ 1947ರಲ್ಲಿ ಮೃತರಾಗಿದ್ದಾರೆ. ನಿಮ್ಮ ಸಹಕಾರಕ್ಕೆ ವಂದನೆಗಳು.

ತಪ್ಪೊಪ್ಪಿಕೊಂಡಿದ್ದಾನೆ! ಹಾಗಾದರೆ ನನಗೆ ಏನೂ ತಿಳಿಯುತ್ತಿಲ್ಲ. ಮುದುಕ ಹೇಳಿದ್ದು ಸುಳ್ಳೇ, ದಾಖಲೆ ಸುಳ್ಳೇ?

ಇಂದು ವಾರ್ಡಿನಲ್ಲಿ ಕೂತು ಬರೀ ಕೇಳಿಸಿಕೊಂಡೆ. ಹೊಸ ಬೂಟು ತನ್ನನ್ನು ಕಿಲ್ ಮಾಡುತ್ತಿದೆ ಎಂದಳು ಸಿಸ್ಟರ್. ದೀಪ ಕಿಲ್ ಮಾಡು, ಕಣ್ಣಿಗೆ ಹೊಡೆಯುತ್ತದೆ ಎಂದ ಏಳನೇ ಮಂಚದವನು. ಊಟದ ಗಾಡಿ ತಳ್ಳುವವನು ಹೊತ್ತು ಕಿಲ್ ಮಾಡುತ್ತ ಬಾಗಿಲಲ್ಲಿ ನಿಂತಿದ್ದ. ಅವನ ನಗೆಚಾಟಿಕೆ ಕೇಳಿ ಒಬ್ಬಳು ನರ್ಸ್, "ಸಾಕಪ್ಪಾ, ನನ್ನ ಕಿಲ್ ಮಾಡ್ತೀಯ ನೀನು" ಎಂದು ಹೊಟ್ಟೆ ಹಿಡಿದುಕೊಂಡಳು. ಯಾರೂ ಪೊಲೀಸರಿಗೆ ಬರೆಯಲಿಲ್ಲ. ಇವರ ಬಾಯಲ್ಲಿ ಆ ಪದಕ್ಕೆ ಏನು ಬೇಕಾದರೂ ಅರ್ಥವಿರಬಹುದು. ನಿನ್ನ ಬಾಯಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ ಎಂದುಕೊಂಡೆನಲ್ಲ, ನಾನು, ನಿನ್ನ ತಂಗಿ.

ಥೆಲ್ಮಾ


ಕರ್ಲ್ಯೂ ಕ್ರೀಕ್
23 ಆಗಸ್ಟ್ 1964

ಥೆಲ್ಮಾ,

ಹೋದ ಭಾನುವಾರ ಬಂದೆ. ಕುದುರೆಯಿಂದ ಇಳಿಯುವ ಮೊದಲೇ ಮೇವಿಸ್ ಎಲ್ಲ ಹೇಳಿದಳು. ನಿನ್ನ ಎರಡು ಕಾಗದಗಳೂ ನಾವು ದುಡಿಯುವ ದನದ ಎಸ್ಟೇಟಿನ ಆಫೀಸಿನಲ್ಲಿ ಒಡೆಯದೆ ಬಿದ್ದಿದ್ದವು. ನನ್ನ ಹೆಸರಿನ ಕಾಗದವನ್ನು ಬೇರೆ ಯಾರು ಒಡೆಯುತ್ತಾರೆ?

ಅಮ್ಮ ಬದುಕಿದ್ದಾಳೆ. ನಿನಗೆ ಬೇಕಾದ ಒಂದು ಪದ ಇದು. ಮುಂದಿನದನ್ನೂ ಓದು.

ಏಪ್ರಿಲ್ ಕೊನೆಯಲ್ಲಿ ಕಾನ್‌ಸ್ಟೇಬಲ್ ಬಂದ. ಪೊಲೀಸ್ ಗಾಡಿ ಕಂಡರೆ ನಮ್ಮ ಹೆಂಗಸರು ಇಂದಿಗೂ ಮಕ್ಕಳನ್ನೆತ್ತಿಕೊಂಡು ಪೊದೆಗೆ ಓಡುತ್ತಾರೆ. ಬಿಡಾರದಲ್ಲಿ ಉಳಿದವನು ಚಿಕ್ಕಪ್ಪ ಒಬ್ಬನೇ. ಅವರ ಮಾತನ್ನು ಮೇವಿಸ್ ಪೊದೆಯಿಂದ ಕೇಳಿದ್ದಾಳೆ.

"ಹದಿನೇಳು ವರ್ಷದ ಹಿಂದೆ ಆ ಹೆಂಗಸನ್ನ ಕಿಲ್ ಮಾಡಿದ್ದು ನೀನೇನಾ?"

"ಹೌದು ಬಾಸ್. ನಾನೇ ಕಿಲ್ ಮಾಡ್ದೆ."

"ಯಾತರಲ್ಲಿ?"

"ದೊಣ್ಣೇಲಿ ಬಾಸ್."

"ಯಾಕೆ?"

"ಟ್ರಕ್ ಬಿಡ್ಲಿಲ್ಲ ಬಾಸ್ ಅವ್ಳು."

ಅಷ್ಟೇ. ಕೈಗೆ ಬೇಡಿ ಹಾಕಿ ಕರೆದುಕೊಂಡು ಹೋದ. ಆ ಹೆಸರಿನ ಹೆಂಗಸು ಇದ್ದಾಳೆಯೇ ಎಂದು ಎಸ್ಟೇಟಿನ ಮ್ಯಾನೇಜರನ್ನೂ ಕೇಳಿದನಂತೆ. ಮ್ಯಾನೇಜರು ಹೊಸಬ. "ಅವಳಾ? ಸತ್ಳಲ್ಲ" ಎಂದ. ಅವನು ಹೇಳಿದ್ದು ಅಡುಗೆಯವಳ ವಿಷಯ. ಅವಳಿಗೂ ಅಮ್ಮನದೇ ಹೆಸರು, ಎರಡು ವರ್ಷದ ಹಿಂದೆ ತೀರಿಕೊಂಡಳು. ಸತ್ತವರ ಹೆಸರನ್ನು ನಾವು ಎತ್ತುವುದಿಲ್ಲ. ಅದೇ ಹೆಸರಿನವರು ಬದುಕಿದ್ದರೆ ಅವರನ್ನೂ ಬೇರೆ ಹೆಸರಿನಿಂದ ಕರೆಯುತ್ತೇವೆ. ಅಮ್ಮ ಈಗ ಎಲ್ಲರಿಗೂ ಮುದುಕಮ್ಮ. ಅದಕ್ಕೇ ನೀನು ಬರೆದ ಹೆಸರನ್ನು ನಾನು ತಿರುಗಿ ಬರೆಯಲಿಲ್ಲ. ನಿನಗೆ ಇದು ಗೊತ್ತಿದೆ ಎಂದುಕೊಂಡಿದ್ದೆ. ನಿನಗೆ ಎಷ್ಟೊಂದು ಗೊತ್ತಿದೆ ಎಂದುಕೊಂಡಿದ್ದೆ.

ನೀರು ಇಳಿದ ಮೇಲೆ ಅಮ್ಮ ಬಂದಳು. ಚಿಕ್ಕಪ್ಪನನ್ನು ಯಾಕೆ ಒಯ್ದರೆಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಹಳೆಯ ಹೊಡೆತದ ವಿಚಾರ ಎಂದಷ್ಟೇ ಗೊತ್ತು. "ಹೊಡಿಸ್ಕೊಂಡೋಳು ನಾನು, ನಂಗಿಲ್ಲದ ಸಿಟ್ಟು ಪೊಲೀಸಿಗ್ಯಾಕೆ?" ಎಂದಳಂತೆ ಅಮ್ಮ. ಅವಳೂ ಮೇವಿಸ್ಸೂ ಇನ್ನು ನಾಲ್ಕು ಜನವೂ ದನದ ಲಾರಿಯಲ್ಲಿ ಇನ್ನೂರು ಮೈಲಿ ನಿಂತುಕೊಂಡು ಪಟ್ಟಣಕ್ಕೆ ಹೋದರು. ಜೂನ್ ಮೂವತ್ತಕ್ಕೆ ವಿಚಾರಣೆ. ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಚಿಕ್ಕಪ್ಪ ಕಟಕಟೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಗುಮಾಸ್ತ ಕಾಗದ ಓದಿದ. ಅದರಲ್ಲಿ ಹೀಗಿತ್ತು: ಮೃತಳ ಮಗಳು, ಅಡಿಲೇಡಿನ ಥೆಲ್ಮಾ ಎಂಬವಳು ಬರೆದುಕೊಂಡ ದೂರು.

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆ ಒಂದು ಹೆಸರು ಮಾತ್ರ ಕಿವಿಗೆ ಬಿತ್ತು. ನಾನೇ ಮೆಲ್ಲಗೆ ಹೇಳಬೇಕೆಂದು ಇಟ್ಟುಕೊಂಡಿದ್ದ ಸುದ್ದಿಯನ್ನು ಅವಳು ಕೇಳಿದ್ದು ಹಾಗೆ. ಜನರನ್ನು ತಳ್ಳಿಕೊಂಡು ಮುಂದೆ ಹೋದಳು.

"ಥೆಲ್ಮಾ ಎಲ್ಲಿ? ನನ್ ಥೆಲ್ಮಾ ಎಲ್ಲಿ ಬಾಸ್?"

"ಯಾರೀ ಹೆಂಗಸು? ಹೊರಗೆ ಕಳ್ಸಿ."

"ಅವ್ನು ಕಿಲ್ ಮಾಡಿದ್ದು ನನ್ನೇ ಬಾಸ್! ಇಲ್ನೋಡಿ, ಇಲ್ಲಿ!" ಎಂದು ಲಂಗ ಎತ್ತಿ ಮೊಣಕಾಲ ಕೆಳಗಿನ ಗಾಯದ ಕಲೆ ತೋರಿಸಿದಳು.

ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ಒಮ್ಮೆ ಅಮ್ಮನನ್ನು ನೋಡಿದರು, ಒಮ್ಮೆ ಕಾಗದವನ್ನು ನೋಡಿದರು. ಆಮೇಲೆ ಹೆಸರು ಕೇಳಿದರು. ಅಮ್ಮ ಬಾಯಿ ಬಿಡಲಿಲ್ಲ. ಅಡುಗೆಯವಳು ಸತ್ತ ಮೇಲೆ ಆ ಹೆಸರು ಯಾರ ಬಾಯಲ್ಲೂ ಬಂದಿರಲಿಲ್ಲ. "ಹೆಸರೇ ಹೇಳದವಳ ಮಾತನ್ನ ಹೇಗಮ್ಮ ಬರ್ಕೊಳ್ಳೋದು?" ಎಂದು ಗುಮಾಸ್ತ ಗದರಿದ. ಅಮ್ಮ ಚಿಕ್ಕಪ್ಪನ ಕಡೆ ನೋಡಿದಳು. ಕಣ್ಣು ಮುಚ್ಚಿಕೊಂಡು ಆ ಹೆಸರು ಹೇಳಿದಳು. ನಮ್ಮವರೆಲ್ಲ ಕೈಯಿಂದ ಮುಖ ಮುಚ್ಚಿಕೊಂಡರು. ಅಡುಗೆಯವಳ ಮಗಳೂ ಅಲ್ಲೇ ಇದ್ದಳು. ಅವಳು ಇನ್ನೂ ಅಮ್ಮನ ಜೊತೆ ಮಾತು ಬಿಟ್ಟಿದ್ದಾಳೆ.

ಅಷ್ಟಾದರೂ ಬಿಡಲಿಲ್ಲ. ದಾಖಲೆಯಲ್ಲಿ ಸತ್ತವಳು ಎದುರಿಗೆ ನಿಂತರೆ ಸುಳ್ಳು ಯಾವುದೆಂದು ಅವರಿಗೂ ತಿಳಿಯಲಿಲ್ಲ. ಹಳೆಯ ಮ್ಯಾನೇಜರನ್ನು ಹುಡುಕಿಸಿ, ಅವನು ಬಂದು ಗುರುತು ಹೇಳುವವರೆಗೆ ಇನ್ನಷ್ಟು ದಿನ. ಒಟ್ಟು ಹನ್ನೊಂದು ವಾರ ಚಿಕ್ಕಪ್ಪ ಒಳಗಿದ್ದ. ಈಗ ಬಂದಿದ್ದಾನೆ. ಕೆಮ್ಮುತ್ತಾನೆ. ಕೈ ನಡುಗುತ್ತದೆ, ಚಾವಟಿ ಹೆಣೆಯಲಾಗುವುದಿಲ್ಲ.

ಆ ದಿನ ಅವನು ಯಾಕೆ ಹೊಡೆದ ಎಂದು ನೀನು ಒಮ್ಮೆಯಾದರೂ ಕೇಳಿದ್ದರೆ! ಅಮ್ಮನ ಕಾಲು ಚಕ್ರದ ಪಕ್ಕದಲ್ಲೇ ಎಳೆದುಕೊಂಡು ಹೋಗುತ್ತಿತ್ತು. ಅವಳು ಕೈ ಬಿಡುವವಳಲ್ಲ. ಇನ್ನು ಹತ್ತು ಹೆಜ್ಜೆ ಹೋಗಿದ್ದರೆ ಚಕ್ರದ ಕೆಳಗೆ. ಕೂಗಿದರೆ ಕೇಳುವ ಹೊತ್ತಲ್ಲ, ಹೊಡೆದ. ನಾನೂ ಅದನ್ನು ಬರೆಯಲಿಲ್ಲ. ನಿನ್ನೆದುರು ಚಿಕ್ಕಪ್ಪನ ಪರ ವಹಿಸಿದಂತಾಗುತ್ತದೆ ಎಂದು ಬಿಟ್ಟೆ. ನನ್ನ ಅಪ್ಪನಿಗೇ ಅದು ಅರ್ಥವಾಗಲು ಎರಡು ವರ್ಷ ಬೇಕಾಗಿತ್ತು.

ಇನ್ನು ಬರೆಯಲಾರೆ.

ಹರ್ಬಿ


ಅಡಿಲೇಡ್
13 ಸೆಪ್ಟೆಂಬರ್ 1964

ಅಣ್ಣ,

ಅಮ್ಮ ಬದುಕಿದ್ದಾಳೆ ಎಂಬಲ್ಲಿಗೆ ಓದಿ ನಿಲ್ಲಿಸಿದೆ. ಆ ದಿನ ಮುಂದೆ ಓದಲಿಲ್ಲ. ಮಾರನೆಯ ದಿನ ಕೆಲಸಕ್ಕೆ ಹೋಗಿ, ಸಂಜೆ ಬಂದು ಉಳಿದದ್ದನ್ನು ಓದಿದೆ. ಒಂದು ದಿನ, ಒಂದೇ ಒಂದು ದಿನ, ನಾನು ಸುಮ್ಮನೆ ಅಮ್ಮ ಇರುವ ಮಗಳಾಗಿದ್ದೆ.

ಹೋಮಿನಲ್ಲಿ ಪ್ರತಿ ಭಾನುವಾರ ಸತ್ತವರಿಗಾಗಿ ಪ್ರಾರ್ಥನೆ ಮಾಡಿಸುತ್ತಿದ್ದರು. ಬದುಕಿದ್ದ ಅಮ್ಮನ ಆತ್ಮಕ್ಕೆ ಶಾಂತಿ ಕೋರಿ ನಾನು ಹತ್ತು ವರ್ಷ ಮಂಡಿಯೂರಿದ್ದೇನೆ. ಆ ಮೇಟ್ರನ್‌ಗೆ ಕಾಗದ ಬರೆಯಲು ಕೂತೆ. ಅವಳು ಸತ್ತು ಐದು ವರ್ಷವಾಯಿತಂತೆ.

ನಾನು ಬರಲೇ? ಕೇಳುವ ಮುಖ ನನಗಿಲ್ಲ. ಬರಬೇಡ ಎಂದರೆ ಬರುವುದಿಲ್ಲ. ಚಿಕ್ಕಪ್ಪನಿಗೆ ಏನು ಹೇಳಬೇಕೆಂದು ತಿಳಿಯುತ್ತಿಲ್ಲ. ಕ್ಷಮಿಸು ಎಂಬುದಕ್ಕಾದರೂ ನಿಮ್ಮ ಬಿಡಾರದಲ್ಲಿ ಇಲ್ಲಿಯ ಅರ್ಥವೇ ಇದೆಯೇ, ಬೇರೆಯೇ?

ಥೆಲ್ಮಾ


ಕರ್ಲ್ಯೂ ಕ್ರೀಕ್
29 ನವೆಂಬರ್ 1964

ಥೆಲ್ಮಾ,

ಮೂರು ಸಲ ಬರೆದು ಹರಿದೆ. ಅದಕ್ಕೇ ತಡ. ನಿನ್ನ ಮೇಲೆ ನನಗೆ ಸಿಟ್ಟಿದೆ. ಇಲ್ಲ ಎಂದರೆ ಸುಳ್ಳಾಗುತ್ತದೆ. ಚಿಕ್ಕಪ್ಪ ಎದ್ದು ನಿಲ್ಲಲು ಒದ್ದಾಡುವಾಗಲೆಲ್ಲ ಸಿಟ್ಟು ಬರುತ್ತದೆ.

ನಿನ್ನ ಕಾಗದವನ್ನು ಅವನಿಗೆ ಓದಿ ಹೇಳಿದೆ. ಅವನು ಹೀಗೆಂದ: "ಪೊಲೀಸು ಬಂದಾಗ ನಂಗೇನೂ ಆಶ್ಚರ್ಯ ಆಗ್ಲಿಲ್ಲ ಕಣೋ. ಅತ್ತಿಗೆ ಮೇಲೆ ಕೈಯೆತ್ತಿದ್ದೆ. ಒಂದಲ್ಲ ಒಂದಿನ ಯಾರಾದ್ರೂ ಕೇಳ್ತಾರೆ ಅಂತ ಕಾಯ್ತಾನೇ ಇದ್ದೆ. ಕೇಳಿದ್ರು, ಹೌದು ಅಂದೆ. ಆದ್ರೆ ಒಂದು ಹೇಳು. ನನ್ನನ್ನ ಬಂದು ಕೇಳಿದ್ರಲ್ಲ, ಆ ಟ್ರಕ್ಕಿನವನ್ನ ಯಾರು ಹೋಗಿ ಕೇಳ್ತಾರೆ?"

ಇದಕ್ಕೆ ನಿನ್ನ ಹತ್ತಿರ ಉತ್ತರ ಇದ್ದರೆ ತೆಗೆದುಕೊಂಡು ಬಾ.

ಅಮ್ಮ ಪೊಲೀಸಿನ ಮಾತು, ಕಾಗದದ ಮಾತು ಒಂದನ್ನೂ ಎತ್ತುವುದಿಲ್ಲ. ನೀನು ಯಾವ ದಾರಿಯಲ್ಲಿ ಬರುತ್ತೀಯ, ರೈಲೋ ಲಾರಿಯೋ ಎಂದು ಮಾತ್ರ ಕೇಳುತ್ತಾಳೆ. ಈಗ ಬರಬೇಡ, ಮಳೆ ಶುರುವಾಗಿದೆ. ಏಪ್ರಿಲ್ ಕಳೆಯಲಿ. ಆಗ ನಾನು ದನದ ಜೊತೆ ಹೋಗಿರುತ್ತೇನೆ. ಒಂದು ರೀತಿಯಲ್ಲಿ ಅದೇ ಒಳ್ಳೆಯದು. ನನ್ನ ಸಿಟ್ಟು ದಾರಿಯಲ್ಲಿ ಸವೆಯುತ್ತದೆ.

ಹರ್ಬಿ


ಕರ್ಲ್ಯೂ ಕ್ರೀಕ್
9 ಮೇ 1965

ಅಣ್ಣ,

ದಾರಿಯಲ್ಲಿ ನಿನಗೆ ಟಪಾಲಿಲ್ಲ ಎಂದು ಗೊತ್ತು. ನೀರಿನ ಗಾಡಿಯವನು ನಿಮ್ಮನ್ನು ಹಾದು ಹೋಗುತ್ತಾನಂತೆ. ಅವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ.

ಬುಧವಾರ ಮಧ್ಯಾಹ್ನ ಬಂದೆ. ಲಾರಿ ಗೇಟಿನ ಹತ್ತಿರ ಇಳಿಸಿ ಹೋಯಿತು. ದೂರದಲ್ಲಿ ಹೆಂಗಸರು ಗುಂಪಾಗಿ ನಿಂತಿದ್ದರು. ಅವರಲ್ಲಿ ಅಮ್ಮ ಯಾರೆಂದು ನನಗೆ ತಿಳಿಯಲಿಲ್ಲ. ಆ ಸಂಕಟವನ್ನು ಹೇಗೆ ಹೇಳಲಿ? ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದೆ. ಕುಂಟುತ್ತ ಒಬ್ಬಳು ಗುಂಪು ಬಿಟ್ಟು ಹೊರಟಳು. ನನ್ನ ಭುಜದಷ್ಟೂ ಎತ್ತರವಿಲ್ಲ. ನಾನು ಚೀಲ ಕೆಳಗಿಟ್ಟು ಕೈ ಚಾಚಿದೆ.

ಅವಳು ನನ್ನನ್ನು ಹೊಡೆದಳು.

ಮೊದಲು ಅಂಗೈಯಿಂದ, ಬೆನ್ನಿಗೆ. ಆಮೇಲೆ ಮುಷ್ಟಿಯಿಂದ, ತೋಳಿಗೆ, ಮತ್ತೆ ಮತ್ತೆ ತೋಳಿಗೆ. ಬಾಯಲ್ಲಿ ಅದೇನೋ ಹೇಳುತ್ತಿದ್ದಳು, ಜೋರಾಗಿ ಅಳುತ್ತ. ನನಗೆ ಒಂದು ಮಾತೂ ತಿಳಿಯಲಿಲ್ಲ. ಚಿಕ್ಕಪ್ಪನಿಗೆ ಮಾಡಿದ್ದಕ್ಕೆ ಎಂದುಕೊಂಡೆ. ಓಡಬೇಕೆನಿಸಿತು. ಗೇಟು ಹತ್ತಿರದಲ್ಲೇ ಇತ್ತು, ಲಾರಿಯ ಧೂಳು ಇನ್ನೂ ಕಾಣುತ್ತಿತ್ತು. ಓಡಲಿಲ್ಲ. ಹೊಡೆಯುತ್ತ ಹೊಡೆಯುತ್ತ ಅವಳ ಕೈ ಸೋತಿತು. ಆಗ ನನ್ನ ಎರಡೂ ತೋಳು ಹಿಡಿದುಕೊಂಡಳು. ಕತ್ತಲಾಗುವವರೆಗೂ ಬಿಡಲಿಲ್ಲ. ಮೇವಿಸ್ ಅತ್ತಿಗೆ ಚಹಾ ತಂದಾಗಲೂ ಬಿಡಲಿಲ್ಲ. ಅತ್ತಿಗೆಯೇ ಲೋಟ ಹಿಡಿದು ನನಗೆ ಕುಡಿಸಿದಳು.

ಅಮ್ಮ ಏನು ಹೇಳುತ್ತಿದ್ದಳು ಎಂದು ಅತ್ತಿಗೆಯನ್ನು ಕೇಳಿದೆ. "ಅದನ್ನೆಲ್ಲ ಇಂಗ್ಲಿಷಲ್ಲಿ ಹೇಳಕ್ಕಾಗಲ್ಲ ಕಣಮ್ಮ. ಹೇಳಿದ್ರೆ ಕೆಟ್ಟೋಗುತ್ತೆ" ಎಂದಳು. ನಾನು ಮತ್ತೆ ಕೇಳಲಿಲ್ಲ. ಪದವೊಂದನ್ನು ಹಿಡಿದುಕೊಂಡು ಅರ್ಥ ಮಾಡಿಕೊಳ್ಳುವ ಧೈರ್ಯ ನನಗೀಗ ಇಲ್ಲ.

ಚಿಕ್ಕಪ್ಪನ ಹತ್ತಿರ ಮಾರನೆಯ ಬೆಳಿಗ್ಗೆ ಹೋದೆ. ಕಲಿತುಕೊಂಡು ಬಂದಿದ್ದ ಮಾತುಗಳೆಲ್ಲ ಮರೆತವು. ಎದುರಿಗೆ ಕೂತೆ. ಅವನು ನನ್ನ ಕಡೆ ನೋಡಲಿಲ್ಲ. ಕೆಮ್ಮು ಬಂತು, ಬೆನ್ನು ನೀವಿದೆ. ಆಸ್ಪತ್ರೆಯಲ್ಲಿ ನೂರು ಮುದುಕರಿಗೆ ಹಾಗೆ ನೀವಿದ್ದೇನೆ. ಬೇಡ ಎನ್ನಲಿಲ್ಲ. ಅಷ್ಟೇ ಆದದ್ದು. ಅವನ ಎದೆಯಲ್ಲಿ ಕಫ ಕಟ್ಟಿದೆ. ಪಟ್ಟಣದ ಡಾಕ್ಟರಿಗೆ ತೋರಿಸೋಣ ಎಂದರೆ, "ಆ ಊರಿಗೆ ನಾನು ಮತ್ತೆ ಕಾಲಿಡಲ್ಲ" ಎಂದ. ನನ್ನ ಜೊತೆ ಅವನಾಡಿದ ಮೊದಲ ಮಾತು ಅದು. ದಿನಾ ಮೂರು ಹೊತ್ತು ಬಿಸಿನೀರಿನ ಆವಿ ಕೊಡುತ್ತಿದ್ದೇನೆ. ಟ್ರಕ್ಕಿನವನ ವಿಷಯಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ, ಅಣ್ಣ. ಹುಡುಕುತ್ತೇನೆ. ಕಾಗದ ಬರೆಯಲು ನನಗೆ ಬರುತ್ತದೆ, ಅದೊಂದು ಬರುತ್ತದೆ.

ಆಸ್ಪತ್ರೆಗೆ ರಜೆ ಮೂರು ವಾರವೆಂದು ಬರೆದುಕೊಟ್ಟು ಬಂದಿದ್ದೇನೆ. ತಿರುಗಿ ಹೋಗುತ್ತೇನೆಯೇ ಎಂದು ಅಮ್ಮ ಕೇಳಿಲ್ಲ, ನಾನೂ ಹೇಳಿಲ್ಲ.

ನನ್ನ ಎಡತೋಳಿನಲ್ಲಿ ಅವಳ ನಾಲ್ಕು ಬೆರಳೂ ಕಂದಿ ಕೂತಿವೆ. ಬುಧವಾರ ನೀಲಿಯಾಗಿತ್ತು, ಇಂದು ಬೆಳಿಗ್ಗೆ ಅಂಚಿನಲ್ಲಿ ಹಳದಿಯಾಗುತ್ತಿದೆ. ಇಂಥವನ್ನು ಸಾಕಷ್ಟು ನೋಡಿದ್ದೇನೆ, ಹತ್ತು ದಿನಕ್ಕೆ ಮಾಯವಾಗುತ್ತವೆ. ದನಗಳನ್ನು ಇನ್ನೊಬ್ಬರ ಕೈಗೆ ಒಪ್ಪಿಸಿ ಒಂದೆರಡು ದಿನದ ಮಟ್ಟಿಗಾದರೂ ಬರಲಾದರೆ ಬಾ. ಇದು ಹೋಗುವ ಮೊದಲು ನೀನೊಮ್ಮೆ ನೋಡಬೇಕು.

ನಿನ್ನ ತಂಗಿ,
ಥೆಲ್ಮಾ